ಅತ್ತೆ ತಂತಿಯಲ್ಲಿ ಜಾರಿದ್ದು

ನನ್ನ ಅತ್ತೆಯ ಎದುರು ಯಾರೂ ಸುಮ್ಮನೆ ನಿಲ್ಲಬಾರದು. ನಿಂತರೆ ಅವರು ಮೊದಲು ನೋಡುವುದು ಮುಖವನ್ನಲ್ಲ, ಕಾಲನ್ನು. ಆಮೇಲೆ ಬೆನ್ನನ್ನು. ಹಲ್ಲು ಕಾಣುವಂತೆ ನಕ್ಕಿರೋ, ನಿಮ್ಮ ವಯಸ್ಸೂ ಗೊತ್ತಾಗಿಬಿಡುತ್ತದೆ. ಇದು ಅವರ ತಪ್ಪಲ್ಲ. ಕೊಯಿಲದ ಜಾನುವಾರು ಕೇಂದ್ರದಲ್ಲಿ ಸರಕಾರಿ ದನಗಳ ನಡುವೆ ಮೂವತ್ತೆರಡು ವರ್ಷ ಕೆಲಸ ಮಾಡಿದವರು. ನಿವೃತ್ತರಾಗಿ ಕಾಣಿಯೂರಿನಲ್ಲಿ ನೆಲೆಸಿ ನಾಲ್ಕು ವರ್ಷವಾಯಿತು. ದನಗಳ ಸಂಗ ತಪ್ಪಿತು, ಆ ಕಣ್ಣು ಮಾತ್ರ ಹಾಗೇ ಉಳಿಯಿತು.

ಅವರು ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಆದರೆ ಕುಟುಂಬದಲ್ಲಿ ಯಾರ ಮದುವೆಯ ಮಾತುಕತೆಯಿದ್ದರೂ ಅವರು ಬೇಕು. ನನ್ನ ತಂಗಿಯನ್ನು ನೋಡಲು ಅಜ್ಜಾವರದಿಂದ ಹುಡುಗ ಬಂದಾಗ ನಾವೆಲ್ಲ ಕೆಲಸ, ಜಾತಕ ಎಂದು ವಿಚಾರಿಸುತ್ತಿದ್ದೆವು. ಅತ್ತೆ ಅವನು ಅಂಗಳ ದಾಟಿ ಬಂದ ನಡಿಗೆಯನ್ನಷ್ಟೇ ನೋಡಿದ್ದರು. ಎಲ್ಲರ ಎದುರೇ ತೀರ್ಪು ಕೊಟ್ಟರು:

"ಎಡಗಾಲು ಸ್ವಲ್ಪ ಎಳೆದು ಹಾಕುದು. ಆದ್ರೆ ಮೇವು ಒಳ್ಳೆದುಂಟು. ಕೊಡ್ಬಹುದು."

ಮೂರನೆಯ ಗೋಳಿಬಜೆ ಬಾಯಿಗೆ ಹಾಕುವುದರಲ್ಲಿದ್ದ ಹುಡುಗ ಅದನ್ನು ತಟ್ಟೆಗೆ ವಾಪಸ್ ಇಟ್ಟ. ಈಗ ಅವನು ನಮ್ಮ ಮನೆಯ ಅಳಿಯ. ಇಂದಿಗೂ "ಅತ್ತೆ ಇದ್ದಾರಾ?" ಎಂದು ವಿಚಾರಿಸಿಯೇ ತಿಂಡಿಗೆ ಕೈ ಹಾಕುತ್ತಾನೆ.

ಇಂಥ ಅತ್ತೆ ಈ ಸಲ ಮಳೆ ಕಳೆದ ಮೇಲೆ ಪುತ್ತೂರಿನ ನಮ್ಮ ಮನೆಗೆ ಬಂದು, "ಆದಿತ್ಯವಾರ ಒಂದು ಕುದ್ರುವಿಗೆ ಹೋಗ್ಲಿಕ್ಕುಂಟು. ನಿನ್ನ ಹೆಸರೂ ಕೊಟ್ಟಿದ್ದೇನೆ" ಎಂದರು. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಬಸ್ಸು, ದೋಣಿ, ಮಧ್ಯಾಹ್ನದ ಊಟ, ಜೊತೆಗೆ ಗೈಡ್, ಸಂಜೆ ವಾಪಸ್.

"ಅಲ್ಲಿ ಎಂತ ಉಂಟು ಅತ್ತೆ?"

"ಜಿಪ್‌ಲೈನ್ ಅಂತೆ. ತಂತಿಯಲ್ಲಿ ನೇತುಕೊಂಡು ಜಾರುದು."

ಏಣಿಯ ಮೂರನೇ ಮೆಟ್ಟಿಲಲ್ಲಿ ತಲೆ ತಿರುಗುವ ಹೆಂಗಸು ಇವರು! ಹಾಗೆಂದು ನೆನಪಿಸಿದೆ.

"ನಾನೆಲ್ಲಿ ಜಾರುದು ಮಾರಾಯ್ತಿ. ಜಾರುವವರನ್ನು ನೋಡುದು."

ನನಗೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಡುಗೆ ಮಾಡುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಬಂದವರ ಜೊತೆ ಮಾತಾಡುತ್ತಿದ್ದೆ. ಅಳು ಮಾತ್ರ ಬಂದಿರಲಿಲ್ಲ. ಆದರೆ ಅತ್ತೆಗೆ ಇಲ್ಲ ಎನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ?

ಬಸ್ಸಿನಲ್ಲಿ ನಾವು ಇಪ್ಪತ್ತೆರಡು ಜನ. ಗೈಡ್ ಸುಳ್ಯ ಕಡೆಯ ಹೆಂಗಸು, ಚುರುಕಿನವಳು, ಕುತ್ತಿಗೆಯಲ್ಲಿ ಸೀಟಿ. ದಾರಿಯಲ್ಲಿ ಚಾ ಕುಡಿದು ಹೊರಡುವಾಗ ಅವಳು ಹೆಸರಿನ ಪಟ್ಟಿ ತೆಗೆಯುವ ಮೊದಲೇ ಅತ್ತೆ ಕಿಟಕಿಯಿಂದ, "ನೀಲಿ ಅಂಗಿಯವರು ಒಬ್ಬರು ಬರ್ಲಿಕ್ಕುಂಟು" ಎಂದರು. ಅದು ಸರಿಯಿತ್ತು. ಅಲ್ಲಿಂದ ಮುಂದೆ ಗೈಡ್ ಪಟ್ಟಿಯನ್ನು ಚೀಲಕ್ಕೆ ಹಾಕಿ ಅತ್ತೆಯ ಮುಖ ನೋಡಿಯೇ ಸೀಟಿ ಊದತೊಡಗಿದಳು.

ದೋಣಿಯ ಹತ್ತಿರ ಅತ್ತೆ ಅಧಿಕಾರವನ್ನು ಪೂರ್ತಿಯಾಗಿ ವಹಿಸಿಕೊಂಡರು. "ನೀವು ಎಂಬತ್ತೆರಡು ಕಿಲೋ, ಆಚೆ ಬದಿಗೆ ಕೂತ್ಕೊಳ್ಳಿ. ನೀವಿಬ್ಬರು ಸೇರಿ ನೂರಹತ್ತು, ಈಚೆಗೆ ಬನ್ನಿ."

ಎಂಬತ್ತೆರಡು ಎನಿಸಿಕೊಂಡವರು ನಿವೃತ್ತ ಮಾಷ್ಟ್ರು. "ನಾನು ಎಪ್ಪತ್ತೈದು" ಎಂದು ಗಂಭೀರವಾಗಿ ಹೇಳಿ, ಸಿಟ್ಟಿನಿಂದಲೇ ಆಚೆ ಬದಿಗೆ ಕೂತರು.

ಕುದ್ರುವಿನಲ್ಲಿ ಜಿಪ್‌ಲೈನ್ ಹತ್ತುವವರನ್ನೆಲ್ಲ ಮೊದಲು ತೂಕಕ್ಕೆ ನಿಲ್ಲಿಸುತ್ತಾರೆ. ಮಾಷ್ಟ್ರು ನಿಂತರು. ಎಂಬತ್ತೆರಡು.

"ಶೂ ಉಂಟಲ್ಲ ಕಾಲಲ್ಲಿ," ಎಂದರು. ಶೂ ಬಿಚ್ಚಿ ನಿಂತರು. ಎಂಬತ್ತೊಂದು.

"ನಾನು ಶೂ ಸೇರಿಸಿಯೇ ಹೇಳಿದ್ದು," ಎಂದರು ಅತ್ತೆ.

ಆಮೇಲೆ ಜನ ಮೊದಲು ಅತ್ತೆಯ ಎದುರು, ನಂತರ ಯಂತ್ರದ ಮೇಲೆ ನಿಲ್ಲತೊಡಗಿದರು. ಅತ್ತೆಗೂ ಯಂತ್ರಕ್ಕೂ ಎರಡು ಕಿಲೋಕ್ಕಿಂತ ಹೆಚ್ಚು ಭಿನ್ನಾಭಿಪ್ರಾಯ ಬರಲೇ ಇಲ್ಲ. ನನ್ನ ಸರದಿ ಬಂದಾಗ ಮಾತ್ರ ಅತ್ತೆ ಏನೂ ಹೇಳಲಿಲ್ಲ. ಯಂತ್ರ ನಲವತ್ಮೂರು ಎಂದಿತು. ಬೇಸಗೆಯಲ್ಲಿ ನಾನು ಐವತ್ತೊಂದಿದ್ದೆ.

"ನಲವತ್ತು ದಾಟಿದೆ, ತೊಂದರೆ ಇಲ್ಲ," ಎಂದಳು ಗೈಡ್. "ಆದ್ರೆ ಇವತ್ತು ಎದುರು ಗಾಳಿ. ಹಗುರದವರು ಅರ್ಧದಲ್ಲಿ ನಿಂತುಬಿಡ್ತಾರೆ. ಜೊತೆಗೆ ಇನ್ನೊಬ್ಬರು ಬೇಕು."

"ಬೇಡ, ನಾನು ಹೋಗುದಿಲ್ಲ," ಎಂದೆ. ಅಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟಾಗಿತ್ತು.

"ನಾನು ಅರವತ್ತೆಂಟು. ಸಾಕಾಗ್ತದಾ?"

ಗೈಡ್ ಕೊಟ್ಟ ದೊಗಳೆ ಪ್ಯಾಂಟಿನೊಳಗೆ ಸೀರೆಯನ್ನು ತುರುಕಿದರು. ಸೊಂಟಕ್ಕೂ ತೊಡೆಗೂ ಬೆಲ್ಟ್ ಬಿಗಿಯುವಾಗ, "ಹೋರಿಗೆ ಇಂಜೆಕ್ಷನ್ ಕೊಡುವಾಗ ನಾವೂ ಹೀಗೇ ಕಟ್ಟುದು" ಎಂದರು. ಗೋಪುರದ ಮೆಟ್ಟಿಲುಗಳನ್ನು ಕಣ್ಣು ಮುಚ್ಚಿ, ನನ್ನ ಭುಜ ಹಿಡಿದು ಹತ್ತಿದರು. ಉಗುರು ಅಂಗಿಯೊಳಗೆ ಇಳಿಯುತ್ತಿತ್ತು.

ನಮಗಿಂತ ಮೊದಲು ಹೋದವರೆಲ್ಲ ತಪ್ಪದೆ ಕೂಗಿದ್ದು ಒಂದೇ ಶಬ್ದ. ಕಾಲೇಜು ಹುಡುಗಿಯರೂ "ಅಮ್ಮಾ", ಎಂಬತ್ತೆರಡು ಕಿಲೋದ ಮಾಷ್ಟ್ರೂ "ಅಮ್ಮಾ". ನಾವು ನಗುತ್ತಾ ನೋಡಿದ್ದೆವು.

ಹಿಂದಿನಿಂದ ತಳ್ಳಿದರು. ಹಲಗೆ ಕಾಲಿನಿಂದ ಜಾರಿತು, ಕೆಳಗೆ ಹೊಳೆ. ನನ್ನ ಬಾಯಿಂದಲೂ ಅದೇ ಹೊರಟಿತು. ನಾಲ್ಕು ತಿಂಗಳಿಂದ ಯಾರನ್ನೂ ಹಾಗೆ ಕರೆದಿರಲಿಲ್ಲ. ಒಮ್ಮೆ ಹೊರಟದ್ದು ನಿಲ್ಲಲಿಲ್ಲ, ಮತ್ತೆ ಮತ್ತೆ ಕರೆದೆ. ಗಾಳಿಗೆ ಕಣ್ಣೀರು ಕಿವಿಯ ಕಡೆಗೆ ಹರಿಯುತ್ತಿತ್ತು.

ಆಗ ಪಕ್ಕದಲ್ಲಿ ಇನ್ನೊಂದು ಕೂಗು ಕೇಳಿಸಿತು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂಗುತ್ತಿದ್ದರು. ಅಮ್ಮಾ ಎಂದಲ್ಲ.

"ಅತ್ತಿಗೇ... ಅತ್ತಿಗೇ..."

ಅಮ್ಮ ಸೊಸೆಯಾಗಿ ಬಂದಾಗ ಅತ್ತೆಗೆ ಹನ್ನೊಂದು ವರ್ಷ. ಹೆತ್ತ ತಾಯಿಯ ಮುಖ ಅವರಿಗೆ ನೆನಪಿಲ್ಲ. ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು, ಮದುವೆ ಬೇಡ ಎಂದಾಗ ಮನೆಯವರೆಲ್ಲರ ಎದುರು ಅವರ ಪರ ನಿಂತದ್ದು, ಎಲ್ಲ ಅಮ್ಮನೇ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಅಮ್ಮ ಹೋದಾಗ ಬಂದವರೆಲ್ಲ ನನ್ನ ಕೈ ಹಿಡಿದು ಸಮಾಧಾನ ಹೇಳಿದರು. ಅವರಿಗೆಲ್ಲ ಚಾ ತಂದುಕೊಟ್ಟದ್ದು ಅತ್ತೆ. ಅವರ ಕೈಯನ್ನು ಯಾರೂ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ.

ಆಚೆಯ ಹಲಗೆ ಮುಟ್ಟಿದೆವು. ಬೆಲ್ಟ್ ಬಿಚ್ಚುವವನು, "ತುಂಬಾ ಹೆದರಿಕೆ ಆಯ್ತಾ?" ಎಂದು ಕೇಳಿದ. ಅತ್ತೆ ಸೆರಗು ಹುಡುಕಿದರು, ಅದು ಪ್ಯಾಂಟಿನೊಳಗಿತ್ತು. ನನ್ನ ಶಾಲಿನ ತುದಿಯಲ್ಲಿ ಅವರ ಮುಖ ಒರೆಸಿದೆ.

"ನಿಧಾನ ಅತ್ತೆ, ಮೆಟ್ಟಿಲು ಉಂಟು," ಎಂದು ಅವರ ಕೈ ಹಿಡಿದುಕೊಂಡೆ. ಮೆಟ್ಟಿಲು ಮುಗಿಯಿತು, ಮರಳು ಬಂತು, ಮರಳೂ ಮುಗಿದು ದೋಣಿ ಬಂತು. ಅವರು ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ.