ಮೈರಾಳ ಮೆಡಿಕಲ್ ಸೀಟಿಗೆ ಶೇಕಡಾವಾರು ಹೇಳುವವರ ಗಮನಕ್ಕೆ

ಹಿತೈಷಿಗಳ ಹತೋಟಿ ವಿಭಾಗ, ದೋಹಾ
ಸಂಖ್ಯೆ: ಹಿಹವಿ/ಊಹಾಪೋಹ/ಅಲ್ ಹಿಲಾಲ್/2007
ದಿನಾಂಕ: ಮೇ 2007

ವಿಷಯ: ಹನ್ನೆರಡನೇ ತರಗತಿಯ ಕುಮಾರಿ ಮೈರಾ ಮಥಾಯಸ್‌ಗೆ ಜೋಡಿ ಕೋರ್ಸಿನಲ್ಲಿ ಸೀಟು ಸಿಗುವ ಸಾಧ್ಯತೆಯನ್ನು ಸಾರ್ವಜನಿಕರು ಲೆಕ್ಕ ಹಾಕುವುದನ್ನು ನಿರ್ಬಂಧಿಸುವ ಕುರಿತು.

ಉಲ್ಲೇಖ: ಶುಕ್ರವಾರದ ಬಲಿಪೂಜೆಯ ಬಳಿಕ ಪಾರ್ಕಿಂಗ್ ಜಾಗದಲ್ಲಿ ಹಲವರು ಹಲವು ಸಲ ನೀಡಿದ ಮೌಖಿಕ ಅಭಿಪ್ರಾಯಗಳು.

ಪ್ರಸ್ತಾವನೆ:

ಪದವಿ ಮತ್ತು ವೈದ್ಯಕೀಯ ಎರಡನ್ನೂ ಒಂದೇ ಉಸಿರಿನಲ್ಲಿ ಆರು ವರ್ಷಕ್ಕೆ ಮುಗಿಸುವ ಜೋಡಿ ಕೋರ್ಸಿಗೆ ಮೈರಾ ಅರ್ಜಿ ಹಾಕಿದ ವಿಷಯವನ್ನು ಆಕೆಯ ತಂದೆ ಒಸ್ವಾಲ್ಡ್ ಅವರು ಗುಟ್ಟಾಗಿ ಒಬ್ಬರಿಗೆ ಮಾತ್ರ ತಿಳಿಸಿದ್ದು, ತತ್ಪರಿಣಾಮವಾಗಿ ಅದು ದೋಹಾದ ಸಮಸ್ತ ಕರಾವಳಿ ಬಂಧುಗಳಿಗೆ ತಿಳಿದಿರುತ್ತದೆ. ಅಂದಿನಿಂದ ಆಕೆ ಎಲ್ಲಿ ಹೋದರೂ ಶೇಕಡಾವಾರು ಎದುರಾಗಿದೆ. ಮೀನು ಕೊಳ್ಳುವಲ್ಲಿ ಇಪ್ಪತ್ತು, ಹುಟ್ಟುಹಬ್ಬದ ಮನೆಯಲ್ಲಿ ಹನ್ನೆರಡು. ಊಟ ತಡವಾದ ಒಂದು ನಾಮಕರಣದಲ್ಲಿ ಅದು ನಾಲ್ಕಕ್ಕೆ ಇಳಿದಿತ್ತು. ಜೀವಶಾಸ್ತ್ರ ಓದಲು ಕುಳಿತರೆ ಅಕ್ಷರಗಳ ನಡುವೆ ಈ ಅಂಕಿಗಳೇ ಕಾಣುತ್ತಿದ್ದವೆಂದು, ಒಮ್ಮೆ ಪುಸ್ತಕ ಮುಚ್ಚಿ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದಳೆಂದು ವಿಭಾಗದ ಗಮನಕ್ಕೆ ಬಂದಿರುತ್ತದೆ.

ಈ ಹಂತದಲ್ಲಿ ಆಂಟನಿ ಎಂಬವರ ಪ್ರವೇಶವಾಯಿತು. ಗುತ್ತಿಗೆ ಕಂಪನಿಯೊಂದರಲ್ಲಿ ಸೆಕ್ರೆಟರಿಯಾಗಿರುವ ಇವರು, ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ ಮೈರಾಳ ಅರ್ಜಿಯ ಪ್ರಬಂಧವನ್ನು ತಾವೇ ಬರೆದುಕೊಟ್ಟರು. ಶಿರ್ವದಲ್ಲಿರುವ ಅಜ್ಜಿ ಅಪೊಲೋನಿಯಾ ಬಾಯಿಯವರು ವೈದ್ಯರಿಲ್ಲದೆ ಮೊಮ್ಮಗಳ ತೊಡೆಯ ಮೇಲೆ ಪ್ರಾಣ ಬಿಟ್ಟರೆಂದೂ, ಅಂದೇ ಆಕೆ ಡಾಕ್ಟರಾಗುವ ಶಪಥ ಮಾಡಿದಳೆಂದೂ ಅದರಲ್ಲಿ ನಮೂದಿಸಲಾಗಿತ್ತು. ಸದರಿ ಅಜ್ಜಿ ಆ ದಿನ ಬೆಳಿಗ್ಗೆ ಹಲಸಿನಕಾಯಿ ಹಪ್ಪಳ ಒಣಗಿಸುತ್ತಿದ್ದರು.

"ಅಂಕಲ್, ಅಜ್ಜಿ ಬದುಕಿದ್ದಾರಲ್ಲ?" ಎಂದು ಮೈರಾ ಆಕ್ಷೇಪಿಸಿದ್ದಳು.

"ಇರಲಿ ಮಾರಾಯ್ತಿ, ದೇವರು ನೂರು ವರ್ಷ ಕೊಡಲಿ. ಆದರೆ ಬದುಕಿದ ಅಜ್ಜಿಗೆ ಸೀಟು ಕೊಡುವುದಿಲ್ಲ" ಎಂದು ಆಂಟನಿಯವರು ಆಕ್ಷೇಪವನ್ನು ವಿಲೇವಾರಿ ಮಾಡಿದರು. ಒಸ್ವಾಲ್ಡ್ ಅವರು ಓದಿ, ಕನ್ನಡಕ ಒರೆಸಿಕೊಂಡರು. ಅರ್ಜಿ ಹೋಯಿತು. ಸಂದರ್ಶನಕ್ಕೆ ಕರೆಯೂ ಬಂತು.

ಸಂದರ್ಶನದ ಹಿಂದಿನ ದಿನ ಮೈರಾ ತಡೆಯಲಾರದೆ ಶಿರ್ವಕ್ಕೆ ಫೋನು ಮಾಡಿದಳು.

"ಅಜ್ಜಿ, ಅರ್ಜಿಯಲ್ಲಿ ನಿಮ್ಮನ್ನು ಸಾಯಿಸಿದ್ದೇವೆ."

"ಹೌದಾ? ಏನಾಗಿತ್ತು ನನಗೆ?"

"ಡಾಕ್ಟರ್ ಸಿಗಲಿಲ್ಲ."

"ನಮ್ಮ ಎದುರುಮನೆಯವರೇ ಡಾಕ್ಟರಲ್ಲವಾ ಮಗಾ! ಅವರಿಗೆ ಗೊತ್ತಾದರೆ ಬೇಜಾರಾಗುವುದಿಲ್ವಾ?" ಅಜ್ಜಿ ನಕ್ಕರು. ಆಮೇಲೆ ಹೇಳಿದರು: "ಆರು ವರ್ಷ ಈ ಸುಳ್ಳನ್ನು ನೆನಪಿಟ್ಟುಕೊಳ್ಳಲಿಕ್ಕೆ ಆಗ್ತದಾ ನಿನಗೆ? ನನ್ನ ಹುಟ್ಟುಹಬ್ಬವೇ ನಿನಗೆ ನೆನಪಿರುವುದಿಲ್ಲ."

ಮರುದಿನ ಸಂದರ್ಶಕರು ಮೊದಲಿಗೆ ಅಜ್ಜಿಯ ಬಗ್ಗೆ ಸಂತಾಪ ಸೂಚಿಸಿದರು. ಇಲ್ಲಿ ಕಣ್ಣು ಒದ್ದೆಯಾಗತಕ್ಕದ್ದೆಂದು ಆಂಟನಿಯವರಿಂದ ಪೂರ್ವಸೂಚನೆ ಇತ್ತು. ಆದರೆ ಒದ್ದೆಯಾದದ್ದು ಆಕೆಯ ಅಂಗೈ. "ಅಜ್ಜಿ ಬದುಕಿದ್ದಾರೆ. ಪ್ರಬಂಧ ನಾನು ಬರೆದದ್ದಲ್ಲ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ" ಎಂದುಬಿಟ್ಟಳು. ಬಳಿಕ ಒಬ್ಬರು, ನಿನ್ನದೇ ಆದದ್ದು ಏನಾದರೂ ಇದೆಯೇ ಎಂದು ಕೇಳಿದರು.

ಆಗ ಆಕೆ ತಮ್ಮ ಬೀದಿಯ ದಿನಸಿ ಅಂಗಡಿಯ ಪಕೀರಬ್ಬ ಅವರ ಪ್ರಕರಣವನ್ನು ಮಂಡಿಸಿದಳು. ದೋಹಾದ ಆಸ್ಪತ್ರೆಯೊಂದರಲ್ಲಿ ಅಪರೂಪಕ್ಕೆ ಮಲಯಾಳಿ ನರ್ಸ್ ಒಬ್ಬರೂ ಕೈಗೆ ಸಿಗದ ದಿನ ಆಕೆ ಅವರಿಗೆ ದುಭಾಷಿಯಾಗಿ ಹೋಗಿದ್ದಳು. "ಹೊಟ್ಟೆ ಉರಿಯುತ್ತದೆ" ಎಂದು ಕನ್ನಡದಲ್ಲಿ ಹೇಳಿದರು ಪಕೀರಬ್ಬ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಕಲಿತ ಮೈರಾಳಿಗೆ ಹೊಟ್ಟೆಯುರಿ ಅಂದರೆ ಒಂದೇ ಅರ್ಥ ಗೊತ್ತು. ಇವರಿಗೆ ಮತ್ಸರವಂತೆ ಎಂದು ಡಾಕ್ಟರಿಗೆ ತಿಳಿಸಿದಳು. ಡಾಕ್ಟರು ಹುಬ್ಬೇರಿಸಿ, ಯಾರ ಮೇಲೆ ಎಂದರು.

"ಯಾರ ಮೇಲೆ ಅಂತ ಕೇಳ್ತಾರೆ, ಕಾಕಾ."

"ಯಾರ ಮೇಲೂ ಇಲ್ಲ ಮಗಳೇ. ಊಟದ ಮೇಲೆ!"

ಅಲ್ಲಿಗೆ ಆಕೆಗೆ ಗಾಬರಿಯಾಗಿ, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಎಲ್ಲಿ, ಯಾವಾಗ, ಹೇಗೆ ಎಂದು ಮೊದಲಿನಿಂದ ಕೇಳಿದಳು. ಹುಣ್ಣು ಪತ್ತೆಯಾಯಿತು. ತಪ್ಪು ಕೇಳಿಸಿಕೊಂಡರೆ ಮನುಷ್ಯನಿಗೆ ಏನಾಗಬಹುದಿತ್ತೆಂದು ಅಂದು ಹೆದರಿದ್ದಾಗಿ, ಹೆದರಿದ ಮೇಲೂ ಮತ್ತೆ ಕೇಳುವುದು ಇಷ್ಟವಾದದ್ದಾಗಿ ಸಂದರ್ಶಕರಿಗೆ ಹೇಳಿದಳು.

ಹೊರಗೆ ಕಾರಿನಲ್ಲಿ "ಎಲ್ಲಾ ಹೇಳಿಬಿಟ್ಟೆ ಡ್ಯಾಡಿ" ಎಂದಳು. ಒಸ್ವಾಲ್ಡ್ ಕಾರನ್ನು ಸಿ-ರಿಂಗ್ ರೋಡಿಗೆ ತಿರುಗಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ, "ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಅಮ್ಮ ಅಲ್ಲವಾ. ಆದರೂ ನಿನ್ನ ಸೀಟು ಅಂತ ಬಾಯಿ ಮುಚ್ಚಿಕೊಂಡೆ" ಎಂದರು. ಹಸಿರು ದೀಪ ಬಂದರೂ ಕಾರು ಹೊರಡದೆ ಹಿಂದಿನವರು ಹಾರ್ನ್ ಹೊಡೆಯಬೇಕಾಯಿತು.

ಫಲಿತಾಂಶವಾಗಿ ನೇರ ಸೀಟು ಸಿಕ್ಕಿರುವುದಿಲ್ಲ. ಒಂದು ವರ್ಷದ ಪೂರ್ವಸಿದ್ಧತಾ ತರಗತಿಗೆ ಸೇರಿಸಿಕೊಂಡಿದ್ದು, ಅದರಲ್ಲಿ ತೇರ್ಗಡೆಯಾದರೆ ಮತ್ತೆ ಪರಿಗಣಿಸಲಾಗುವುದು ಎಂದು ತಿಳಿಸಲಾಗಿದೆ. ಮೈರಾ ಅತ್ತಳು, ಈ ಸಲ ನಲ್ಲಿ ತಿರುಗಿಸದೆ. ಆಮೇಲೆ ಹೊಟ್ಟೆ ತುಂಬ ಉಂಡಳು. "ನನ್ನ ಮಾತು ಕೇಳಿದ್ದರೆ ಖಲಾಸ್, ನೇರ ಸೀಟು" ಎಂದು ಆಂಟನಿಯವರು ಘೋಷಿಸಿದ್ದು, ಅದೇ ಶುಕ್ರವಾರ ಪಾರ್ಕಿಂಗ್ ಜಾಗದಲ್ಲಿ ಮುಂದಿನ ವರ್ಷದ ಶೇಕಡಾವಾರು ಪ್ರಕಟವಾಗಿರುತ್ತದೆ. ಆದ್ದರಿಂದ ಈ ಆದೇಶ.

ಆದೇಶ:

1. ಮೈರಾಳ ಸಾಧ್ಯತೆಯನ್ನು ಶೇಕಡಾ, ಭಿನ್ನರಾಶಿ ಅಥವಾ ನಿಟ್ಟುಸಿರಿನ ರೂಪದಲ್ಲಿ ವ್ಯಕ್ತಪಡಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಭವಿಷ್ಯ ನುಡಿಯದೆ ಇರಲಾಗದವರು ಜುಲೈ ತಿಂಗಳಲ್ಲಿ ದೋಹಾದಲ್ಲಿ ಸೆಖೆಯಾಗುವುದೇ ಎಂಬ ಬಗ್ಗೆ ನುಡಿಯಬಹುದು.

2. ಜೀವಂತ ಅಜ್ಜಿಯರನ್ನು ಪ್ರಬಂಧದಲ್ಲಿ ಸಾಯಿಸತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಪ್ರಬಂಧ ಬರೆಯುವವರು ತಮ್ಮ ಸ್ವಂತ ಅಜ್ಜಿಯನ್ನು, ಆಕೆಯ ಸಮಕ್ಷಮದಲ್ಲಿ, ಬಳಸತಕ್ಕದ್ದು.

3. "ನಮ್ಮ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ" ಎನ್ನುವವರು ತಮ್ಮ ಕಾಲದಲ್ಲಿ ತಾವು ಪಡೆದ ಅಂಕಗಳನ್ನು ಮೊದಲು ಹೇಳಿ, ನಂತರ ಮುಂದುವರಿಯುವುದು.

4. ಪೂರ್ವಸಿದ್ಧತಾ ವಿದ್ಯಾರ್ಥಿನಿಯಾದ ಕಾರಣಕ್ಕೆ ಆಕೆಗೆ ಮಂಡಿ, ಸೊಂಟ, ನಾಲಿಗೆ ಮುಂತಾದವುಗಳನ್ನು ತೋರಿಸಬಾರದು. ಆಂಟನಿಯವರು ಈಗಾಗಲೇ ತೋರಿಸಿರುವ ಎಡಮಂಡಿಯನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ, ಹಿಂದಕ್ಕೆ ಪಡೆಯಲು ಅವಕಾಶ ನೀಡಲಾಗಿದೆ.

5. ಆಕೆಯ ಮನೆಗೆ ಬರುವವರು ಚಹಾ ಕುಡಿದು, ಬೇರೆ ಮಾತಾಡಿ, ಹೊರಡತಕ್ಕದ್ದು.

(ಸಹಿ)
ಪ್ರಭಾರ ಅಧಿಕಾರಿ
ಹಿತೈಷಿಗಳ ಹತೋಟಿ ವಿಭಾಗ

ಪ್ರತಿಗಳು:
ಪಾರ್ಕಿಂಗ್ ಜಾಗದ ಕಂಬಕ್ಕೆ: ಅಂಟಿಸುವ ಸಲುವಾಗಿ.
ಆಂಟನಿಯವರಿಗೆ: ಇಂಗ್ಲಿಷಿಗೆ ಭಾಷಾಂತರಿಸಬಾರದೆಂಬ ಕೋರಿಕೆಯೊಂದಿಗೆ.
ಒಸ್ವಾಲ್ಡ್ ಅವರಿಗೆ: ಗುಟ್ಟಾಗಿ. ಆದ್ದರಿಂದ ಉಳಿದವರಿಗೆ ಪ್ರತ್ಯೇಕವಾಗಿ ಕಳುಹಿಸಿಲ್ಲ.
ಕುಮಾರಿ ಮೈರಾಗೆ ಪ್ರತಿ ಕಳುಹಿಸುವ ಅಗತ್ಯ ಕಂಡುಬಂದಿಲ್ಲ. ಭಾನುವಾರ ಆಕೆಗೆ ರಸಾಯನಶಾಸ್ತ್ರದ ಮೊದಲ ತರಗತಿ ಇದೆ.