ಕಂಕಣ ಕಟ್ಟಿ ಬಿಚ್ಚಿದ ರೂಟರು

ಮುನ್ನೆಚ್ಚರಿಕೆ ಒಂದು ಚಟ. ಹತ್ತಿದವನಿಗೆ ಅದು ಗುಣವೆಂದೇ ಕಾಣುತ್ತದೆ. ಚಟವೆಂದು ಗೊತ್ತಾಗುವುದು ಮನೆಯವರಿಗೆ. ನಾನು ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು. ರಾಯಚೂರಿಗೆ ಹೊರಟರೆ ಮುಕ್ಕಾಲು ಗಂಟೆ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ಕೂರುವವನು. ಇಂಥ ನನಗೆ ಮನೆಯಲ್ಲಿ ಸ್ಕ್ರೂಡ್ರೈವರ್ ಮುಟ್ಟಲು ಅನುಮತಿಯಿಲ್ಲ. ಒಮ್ಮೆ ಮಿಕ್ಸರ್ ಬಿಚ್ಚಿದ್ದೆ. ಯಾವ ಸ್ಕ್ರೂ ಎಲ್ಲಿಯದೆಂದು ಚೀಟಿಗಳ ಮೇಲೆ ಬರೆದು, ಒಂದೊಂದರ ಪಕ್ಕ ಒಂದೊಂದು ಚೀಟಿ ಇಟ್ಟು, ಸೆಕೆಯಾಯಿತೆಂದು ಫ್ಯಾನ್ ಹಾಕಿದೆ. ಆ ಮಿಕ್ಸರ್ ಇವತ್ತಿಗೂ ಬಿಡಿಬಿಡಿಯಾಗಿ ಡಬ್ಬಿಯಲ್ಲಿದೆ. ದೇವದುರ್ಗದವಳಾದ ನನ್ನ ಹೆಂಡತಿ ಅಂದು ಹೇಳಿದ್ದು ಇಷ್ಟೇ: "ಬಿಚ್ಚೂದು ನಿಮಗ ಛಲೋ ಬರ್ತದ್ರಿ. ಕೂಡಸೂದು ಬ್ಯಾರೆಯವರಿಗೆ ಬಿಡ್ರಿ."

ಹಾಗಾಗಿ ನಾನು ಕೆಲಸ ಮಾಡುವ ಮಾನ್ವಿಯ ಕಾಲೇಜಿನಲ್ಲಿ ರೂಟರಿಗೆ ಮೆಮೊರಿ ಹೆಚ್ಚಿಸುವ ಕೆಲಸ ಬಂದಾಗ ಒಳಗೊಳಗೇ ಹಿಗ್ಗಿದೆ. ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಇಂಟರ್ನೆಟ್ ಹಂಚುವ ಹಳೆಯ ಪೆಟ್ಟಿಗೆ ಅದು. ನಾಲ್ಕು ಜನ ಕೂತರೆ ಓಡುತ್ತಿತ್ತು, ನಲವತ್ತು ಜನ ಕೂತರೆ ಕುಸಿಯುತ್ತಿತ್ತು. ಮರುದಿನ ಬೆಳಿಗ್ಗೆ ಆನ್‌ಲೈನ್ ಪರೀಕ್ಷೆ. ಕುರ್ಡಿ, ಮಲ್ಲಟದ ಮಕ್ಕಳು ಮೊದಲ ಬಸ್ಸಿಗೇ ಬರುವವರಿದ್ದರು. "ನಿಮ್ಮಂಥ ಎಚ್ಚರಿಕಿ ಮನಷ್ಯಾ ಮಾಡಿದ್ರ ನನಗ ಚಿಂತಿಲ್ಲ" ಎಂದು ಪ್ರಿನ್ಸಿಪಾಲರು ಹೊಸ ಮೆಮೊರಿ ಕಡ್ಡಿಯನ್ನು ಕೈಗಿಟ್ಟರು. ಈ ಮಾತನ್ನು ಹೆಂಡತಿ ಕೇಳಬೇಕಿತ್ತು.

ಮೊದಲು ರೂಟರಿನ ಸೆಟ್ಟಿಂಗುಗಳ ನಕಲನ್ನು ರಾಯಚೂರಿನ ನಮ್ಮ ಮುಖ್ಯ ಕಾಲೇಜಿನ ಕಂಪ್ಯೂಟರಿಗೆ ಕಳಿಸಿದೆ. ಮಾನ್ವಿಗೆ ಏನಾದರೂ ಆದರೆ ರಾಯಚೂರಾದರೂ ಉಳಿಯಲಿ ಎಂದು. ಆಮೇಲೆ ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತೆ. ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಪಟ ಎನ್ನುತ್ತದಲ್ಲ, ಮೈಮೇಲಿನ ಆ ಕರೆಂಟು ತಾಗಿದರೂ ಮೆಮೊರಿ ಕೆಡುತ್ತದೆ. ಅದಕ್ಕೆಂದು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಅದರ ವೈರನ್ನು ರೂಟರಿನ ಕಬ್ಬಿಣದ ಮೈಗೆ ಸಿಕ್ಕಿಸಿದೆ. ಕಸ ಗುಡಿಸುತ್ತಿದ್ದ ಅಟೆಂಡರ್ ಯಲ್ಲವ್ವ ನೋಡಿದಳು.

"ಕಂಕಣ ಯಾವ ದೇವರಿಗ್ರಿ ಸರ?"

"ದೇವರಿಗಲ್ಲ ಯಲ್ಲವ್ವ, ಕರೆಂಟಿಗೆ."

"ಕಟ್ಟಿಗೊಳ್ರಿ. ಅದೂ ಹಿಡದ್ರ ಬಿಡಾಂಗಿಲ್ಲ."

ಕಡ್ಡಿ ಎರಡೂ ಕಡೆ ಟಕ್ಕೆಂದು ಕೂತಿತು. ಮುಚ್ಚಳ ಹಾಕಿ, ಸ್ಕ್ರೂಗಳನ್ನೆಲ್ಲ ಬಿಗಿದು (ಫ್ಯಾನ್ ಆರಿಸಿಯೇ ಇಟ್ಟಿದ್ದೆ) ಸ್ವಿಚ್ ಹಾಕಿದೆ. ಹೊಸ ಮೆಮೊರಿಯನ್ನು ರೂಟರು ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡಿತು. ಆಮೇಲೆ ಊರಿಗೆ ಹೊಸದಾಗಿ ಬಂದವನ ಹಾಗೆ ಎಲ್ಲವನ್ನೂ ಮೊದಲಿನಿಂದ ಕೇಳತೊಡಗಿತು. ಹೋದ ತಿಂಗಳು ಸೆಟ್ಟಿಂಗ್ ಮಾಡಿದ ತಂತ್ರಜ್ಞ ಅದನ್ನು ರೂಟರಿನೊಳಗೆ ಸೇವ್ ಮಾಡಿರಲಿಲ್ಲ. ಇಷ್ಟು ದಿನ ಕರೆಂಟು ಹೋದರೂ ಯುಪಿಎಸ್ ರೂಟರನ್ನು ಆರಲು ಬಿಡದೆ ಅದನ್ನು ಕಾಪಾಡಿತ್ತು. ನಕಲು ತೆಗೆದ ನಾನೂ ಸೇವ್ ಮಾಡಿರಲಿಲ್ಲ. ನಕಲು ರಾಯಚೂರಿನಲ್ಲಿ ಭದ್ರವಾಗಿತ್ತು, ಆದರೆ ಅದನ್ನು ತರಿಸಬೇಕಾದರೆ ಈ ರೂಟರೇ ನಡೆಯಬೇಕಿತ್ತು. ಫೋನ್ ಮಾಡಿದರೆ ಅಲ್ಲಿನ ಕೋಣೆಗೆ ಬೀಗ, ಕೀಲಿ ಇಟ್ಟುಕೊಂಡವರು ಮಟಮಾರಿಯಲ್ಲಿ ಮದುವೆಯೂಟದಲ್ಲಿ. ನಿಜ ಹೇಳಬೇಕೆಂದರೆ ಆಗ ಮೊದಲು ಕಣ್ಣಮುಂದೆ ಬಂದವರು ಪರೀಕ್ಷೆಯ ಮಕ್ಕಳಲ್ಲ, ನನ್ನ ಹೆಂಡತಿ.

"ಅವತ್ತು ಬಂದವರು ಬರದಿಟ್ಟ ಚೀಟಿ ನಡೀತದೇನ್ರಿ ಸರ?" ಎಂದಳು ಯಲ್ಲವ್ವ. ತಂತ್ರಜ್ಞ ಮೇಜಿನ ಮೇಲೆ ಬಿಟ್ಟುಹೋದ ಕಾಗದವನ್ನು ಆಕೆ ಗೋಡೆಯ ಮೇಲಿನ ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದಳು. ಯಂತ್ರದ ಕಾಗದವೂ ಯಂತ್ರವೇ ಎಂದು ಪ್ರತಿ ಶುಕ್ರವಾರ ರೂಟರಿನ ಜೊತೆ ಅದಕ್ಕೂ ಕುಂಕುಮ ಹಚ್ಚಿದ್ದಳು. ಸೆಟ್ಟಿಂಗಿನ ಎಲ್ಲ ಸಂಖ್ಯೆಗಳೂ ಅದರಲ್ಲಿದ್ದವು, ಒಂದು ಮಾತ್ರ ಕುಂಕುಮದಡಿ ಮುಚ್ಚಿಹೋಗಿತ್ತು.

"ಅದು ಏಳು ರೀ. ಬರಿಯೋ ಮುಂದ ನಾ ಚಾ ಹಿಡ್ಕೊಂಡು ನಿಂತಿದ್ದೆ. ಏಳಕ್ಕ ನಡು ಗೀಟು ಹಾಕಿದ್ರು, ಇದೆಂಥ ಏಳು ಅಂತ ನಾನ ಕೇಳೀನಿ."

ಚೀಟಿ ನೋಡಿ ಉಳಿದದ್ದನ್ನೆಲ್ಲ ತುಂಬಿ, ಅಲ್ಲಿ ಏಳು ಎಂದೇ ಒತ್ತಿದೆ. ಹಸಿರು ದೀಪ ಹತ್ತಿತು. ಈ ಸಲ ಸೇವ್ ಮಾಡಿದೆ, ಮೂರು ಸಲ.

ಮರುದಿನ ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಕೈಗೊಂಡ ಮುನ್ನೆಚ್ಚರಿಕೆಗಳ ಬಗ್ಗೆ ಪ್ರಿನ್ಸಿಪಾಲರಿಗೆ ಒಂದು ಪುಟ ವರದಿ ಬರೆದೆ. ಕುಂಕುಮದ ಚೀಟಿಯನ್ನು ಯಾವ ಕಲಮಿನಲ್ಲಿ ಸೇರಿಸುವುದೆಂದು ತಿಳಿಯದೆ ಬಿಟ್ಟೆ. ಬಿಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

ಮನೆಯಲ್ಲಿ ಊಟಕ್ಕೆ ಕೂತು ರೂಟರಿನ ಕತೆ ಹೇಳಿದಾಗ ಹೆಂಡತಿ ಕೇಳಿದಳು: "ಬಿಚ್ಚಿದವರು ಯಾರ್ರಿ?"

"ನಾನ."

"ಕೂಡಿಸಿದವರು?"

ನಾನು ದೊಡ್ಡದೊಂದು ತುಂಡು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಬಾಯಿ ತುಂಬಿರುವಾಗ ಮಾತಾಡಬಾರದು ಎನ್ನುವುದೂ ಒಂದು ಮುನ್ನೆಚ್ಚರಿಕೆಯೇ.