ಬ್ಯಾಟರಿ ಇಲ್ಲದೆ ತಿರುಗಿದ ಕೆಲಿಡೋಸ್ಕೋಪು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಒಂದು ಕೆಲಿಡೋಸ್ಕೋಪು ಮಾಡುವುದು ಯಾವ ಮಹಾ ವಿದ್ಯೆ? ಒಂದು ಮರದ ಕೊಳವೆ, ಒಳಗೆ ಅರವತ್ತು ಡಿಗ್ರಿ ಕೋನದಲ್ಲಿ ನಿಲ್ಲಿಸಿದ ಎರಡು ಕನ್ನಡಿ ಪಟ್ಟಿ, ತುದಿಯಲ್ಲಿ ಒಂದಿಷ್ಟು ಬಣ್ಣದ ಚೂರು. ಮುನ್ನೂರ ಅರವತ್ತನ್ನು ಅರವತ್ತರಿಂದ ಭಾಗಿಸಿದರೆ ಆರು. ಒಂದು ಚೂರು ಆರಾಗಿ ಕಾಣಬೇಕು. ಇದರಲ್ಲಿ ತಪ್ಪುವುದಕ್ಕೆ ಏನಿದೆ?

ಲಾಯಿಲದ ನಮ್ಮ ಮನೆಗೆ ಟೆಲಿಫೋನು ಬಂದ ಹೊಸತು. ಮೂಡುಬಿದಿರೆಯಲ್ಲಿರುವ ಮೊಮ್ಮಗಳು ಪ್ರಜ್ಞಾಳಿಗೆ ಫೋನಿನಲ್ಲೇ ಮಾತು ಕೊಟ್ಟೆ. ದಸರಾ ರಜೆಗೆ ಬಂದರೆ ಅಜ್ಜ ಕೈಯಾರೆ ಕಡೆದ ಮರದ ಕೆಲಿಡೋಸ್ಕೋಪು ಅವಳಿಗೆ! ಎರಡನೇ ಕ್ಲಾಸಿನ ಹುಡುಗಿ ಮಾರನೇ ದಿನವೇ ಇಡೀ ತರಗತಿಗೆ ಡಂಗುರ ಸಾರಿದಳು. ರಜೆ ಮುಗಿದ ಸೋಮವಾರ ತಂದು ತೋರಿಸುತ್ತೇನೆಂದು ಟೀಚರಿಗೂ ಹೇಳಿಬಿಟ್ಟಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ನೆರೆಮನೆಯ ಹಸನಬ್ಬ ದುಬೈಯಲ್ಲಿ ಅಂಗಡಿ ನಡೆಸಿ ಊರಿಗೆ ಮರಳಿದವರು. ಅವರು ಮೊಮ್ಮಕ್ಕಳಿಗೆಂದು ತಂದ ಡೋಲು ಬಾರಿಸುವ ಕೋತಿ ಮೂರನೇ ದಿನ ಬ್ಯಾಟರಿ ಮುಗಿದು ಎತ್ತಿದ ಕೈ ಎತ್ತಿದಂತೆಯೇ ನಿಂತಿತ್ತು. ನಾನು ಬೇಲಿಯ ಈಚೆ ನಿಂತು ಸ್ವದೇಶಿ ಆಟಿಕೆಗಳ ಬಗ್ಗೆ ಒಂದು ಪೀರಿಯಡ್ ಪಾಠ ಮಾಡಿದೆ. ನನ್ನದಕ್ಕೆ ಬ್ಯಾಟರಿ ಬೇಡ, ಕೀಲಿ ಬೇಡ, ಮೂರು ತಲೆಮಾರು ಬಾಳುತ್ತದೆ ಎಂದೆ. ಪಾಪ, ಅವರು ಪೂರ್ತಿ ಕೇಳಿದರು.

ಮರವನ್ನು ಗರಗರ ತಿರುಗಿಸುವ ಲೇತ್ ಇದ್ದದ್ದು ಬಿ.ಸಿ.ರೋಡಿನಲ್ಲಿ, ತೊಟ್ಟಿಲಿನ ಕಾಲು ಕಡೆಯುವ ಆಚಾರಿಯೊಬ್ಬರ ಶೆಡ್ಡಿನಲ್ಲಿ. ಹತ್ತು ನಿಮಿಷದಲ್ಲಿ ತಾನೇ ಕಡೆದು ಕೊಡುತ್ತೇನೆ ಎಂದರು ಆಚಾರಿ. ನಾನು ಒಪ್ಪಲಿಲ್ಲ. ಕೈಯಾರೆ ಎಂದಮೇಲೆ ಕೈಯಾರೆ! ಹಲಸಿನ ಮರದ ಮೊದಲ ತುಂಡು ಉಳಿ ತಾಗಿದ್ದೇ ತಡ, ಹಾರಿಹೋಗಿ ರಸ್ತೆ ಬದಿಯಲ್ಲಿ ನಿಂತಿದ್ದ ಬಸ್ಸಿಗೆ ಢಬ್ಬೆಂದು ಬಡಿಯಿತು. ಡ್ರೈವರು ಅದನ್ನೇ ರೈಟ್ ಎಂದುಕೊಂಡು ಕಂಡಕ್ಟರನ್ನು ಬಿಟ್ಟೇ ಹೊರಟ. ಎರಡನೆಯದರಲ್ಲಿ ತೂತು ತುದಿಗೆ ಬರುವ ಬದಲು ಪಕ್ಕಕ್ಕೆ ಬಂತು. ಮೂರನೆಯದು ಹಪ್ಪಳದಷ್ಟು ತೆಳ್ಳಗಾಗಿ ಸೀಳಿತು. ನಾಲ್ಕನೆಯದು ನಿಂತಿತು. ಆಚಾರಿ ಅದನ್ನು ಕೈಯಲ್ಲಿ ತೂಗಿ ನೋಡಿ, ಇದನ್ನು ಎತ್ತುವುದು ಮಗುವೇ ಹೌದಾ ಎಂದು ಕೇಳಿದರು. ಅಸೂಯೆ ಎಂದುಕೊಂಡೆ.

ಬಣ್ಣದ ಚೂರಿಗೆ ಹೆಂಡತಿ ಸುನಂದಾಳ ಬಳೆ ಡಬ್ಬಿಗೆ ಕೈ ಹಾಕಿದೆ. ಒಡೆದ ಬಳೆಯನ್ನು ಮಗುವಿನ ಆಟಿಕೆಗೆ ಹಾಕುವ ಮಾತೇ ಬೇಡ ಎಂದು ಅವಳು ಡಬ್ಬಿ ಮುಚ್ಚಿದಳು. ಸರಿ, ಹೆಸರುಕಾಳು, ತೊಗರಿ, ಕೆಂಪು ಅಲಸಂಡೆ ಇರುವಾಗ ಗಾಜು ಯಾಕೆ? ಆದರೆ ನಮ್ಮದು ಜೈನರ ಮನೆ. ಗೆರಸೆಯಲ್ಲಿ ಹರಡಿ, ಹುಳ ಇದೆಯೇ ಎಂದು ಒಂದೊಂದಾಗಿ ನೋಡದೆ ಒಂದು ಕಾಳೂ ಪಾತ್ರೆಗೆ ಬೀಳುವುದಿಲ್ಲ.

"ಮಳೆಗಾಲದ ಕಾಳು. ಬಿಸಿಲಿಗೆ ಹಾಕಿ ಹೆಕ್ಕಿ ಕೊಡ್ತೇನೆ, ಎರಡು ದಿನ ತಡೆಯಿರಿ" ಎಂದಳು.

"ಇದು ನೋಡ್ಲಿಕ್ಕೆ ಮಾರಾಯ್ತಿ, ಸಾರು ಮಾಡ್ಲಿಕ್ಕಲ್ಲ" ಎಂದು ನಾನು ಒಂದು ಹಿಡಿ ಬಾಚಿಕೊಂಡೆ. ಎರಡೂ ತುದಿಗೆ ಗಾಜು ಕೂರಿಸಿ, ಸಿಕ್ಕಿದ್ದರಲ್ಲಿ ಗಟ್ಟಿ ಅಂಟು ಬಳಿದು, ಬಟ್ಟೆಯಲ್ಲಿ ಸುತ್ತಿ ಒಂದು ತಿಂಗಳು ಕಪಾಟಿನ ಮೇಲಿಟ್ಟೆ.

ರಜೆ ಬಂತು, ಪ್ರಜ್ಞಾಳೂ ಬಂದಳು. ಹಸನಬ್ಬರನ್ನು ವಿಶೇಷ ಆಹ್ವಾನಿತರಾಗಿ ಕರೆಸಿ, ಜಗಲಿಯಲ್ಲಿ ಉದ್ಘಾಟನೆ ನೆರವೇರಿಸಿದೆ. ಪ್ರಜ್ಞಾ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗಿಟ್ಟುಕೊಂಡಳು.

"ಅಜ್ಜಾ, ತಿರುಗಿಸದಿದ್ದರೂ ತಿರುಗ್ತದೆ!"

ಅದು ಅಂಗೈಯ ನಾಡಿಬಡಿತಕ್ಕೂ ಸ್ಪಂದಿಸುವ ಸೂಕ್ಷ್ಮ ಯಂತ್ರ ಎಂದು ವಿವರಿಸಿದೆ. ಹಸನಬ್ಬ ಅದನ್ನು ಕುರ್ಚಿಯ ಮೇಲಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದರು. ಆಗಲೂ ತಿರುಗುತ್ತಿತ್ತು!

"ದುಬೈಯಲ್ಲೂ ಇಂಥದ್ದು ಕಂಡಿಲ್ಲ ಮಾಸ್ಟ್ರೇ. ನನಗೂ ಒಂದು ಮಾಡಿ ಕೊಡಿ" ಎಂದರು.

ಹಲಸಿನ ಮರದ ಗುಣವೇ ಹಾಗೆ, ನನ್ನದೇನೂ ಇಲ್ಲ ಎಂದು ವಿನಯದಿಂದ ತಲೆ ತಗ್ಗಿಸಿದೆ. ಜೀವನದಲ್ಲಿ ಅಷ್ಟು ಸಂತೋಷ ನನಗೆ ನಿವೃತ್ತಿಯ ದಿನವೂ ಆಗಿರಲಿಲ್ಲ. ಅಷ್ಟರಲ್ಲಿ ಸುನಂದಾ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ತುಂಬ ಹೊತ್ತು ನೋಡಿದಳು.

"ಕಾಲು ಉಂಟು" ಎಂದಳು.

ನಾನೂ ನೋಡಿದೆ. ಅಲಸಂಡೆ ಕಾಳಿನಿಂದ ಹೊರಬಿದ್ದ ಕುಟ್ಟೆ ಹುಳಗಳು ಬಳಗ ಸಮೇತ ಮೆರವಣಿಗೆ ಹೊರಟಿದ್ದವು. ಒಂದು ಹುಳ ಆರಾಗಿತ್ತು. ಒಂದಕ್ಕೆ ಆರು ಕಾಲಿನಂತೆ ಮೂವತ್ತಾರು. ಲೆಕ್ಕ ಮಾತ್ರ ಒಂದಿಷ್ಟೂ ತಪ್ಪಿರಲಿಲ್ಲ.

"ಅವಕ್ಕೆ ಉಸಿರು ಕಟ್ತದೆ ಅಜ್ಜ" ಎಂದಳು ಪ್ರಜ್ಞಾ. ಅವಳ ಕಣ್ಣು ತುಂಬಿತ್ತು. ಗೊತ್ತಿಲ್ಲದೆ ಮಾಡಿದ್ದು ಬೇರೆ, ಗೊತ್ತಾದ ಮೇಲೂ ಮುಚ್ಚಿಡುವುದು ಪಾಪ ಎಂದು ಸುನಂದಾ ತೀರ್ಪು ಕೊಟ್ಟಳು. ನನಗೆ ಸೋಮವಾರದ ಚಿಂತೆ. ಕ್ಲಾಸಿನ ಮಕ್ಕಳೆಲ್ಲ ಕಾಯುತ್ತಿರುತ್ತಾರಲ್ಲ! ಮಂಗಳವಾರ ತೆರೆದರಾಗದೇ ಎಂದು ಮೆಲ್ಲಗೆ ಕೇಳಿದೆ. ಮೂವರೂ ನನ್ನನ್ನು ನೋಡಿದರು. ಹುಳಗಳೇ ವಾಸಿ ಎಂಬಂತೆ ನೋಡಿದರು.

ತೆರೆಯುವುದು ಹೇಗೆ? ಗರಗಸ ಹಾಕಿದರೆ ಹುಳ ಸಾಯುತ್ತವೆ, ಬಿಸಿನೀರಿಗಿಟ್ಟರೂ ಸಾಯುತ್ತವೆ. ಅಂಟು ಮೂರು ತಲೆಮಾರಿನದ್ದು! ಮಧ್ಯಾಹ್ನದಿಂದ ಸಂಜೆಯವರೆಗೆ ಹಸನಬ್ಬ ಕೊಳವೆ ಹಿಡಿದರು, ನಾನು ಚಾಕುವಿನ ತುದಿಯಿಂದ ಅಂಟು ಕೆರೆದೆ. ಕೊನೆಗೆ ಗಾಜು ಕಳಚಿತು, ಹಿಂದೆಯೇ ಎರಡೂ ಕನ್ನಡಿ ಜಾರಿ ನೆಲಕ್ಕೆ ಬಿದ್ದು ಚೂರಾದವು. ಹುಳಗಳಿಗೆ ಏನೂ ಆಗಲಿಲ್ಲ. ಹದಿನಾಲ್ಕು ಎಂದು ಪ್ರಜ್ಞಾ ಎಣಿಸಿದಳು. ಸುನಂದಾ ಅವನ್ನು ಬಾಳೆಲೆಯ ಮೇಲೆ ಹೊರಗೆ ಒಯ್ದು ದಾಸವಾಳದ ಬುಡದಲ್ಲಿ ಬಿಟ್ಟು ಬಂದಳು. ನನಗೊಂದು ಥ್ಯಾಂಕ್ಸ್ ಕೂಡ ಹೇಳದೆ ಹೋದವು.

ಉಳಿದದ್ದು ಎರಡೂ ಕಡೆ ತೆರೆದ ಬರೀ ಕೊಳವೆ. ಕ್ಲಾಸಿನಲ್ಲಿ ಏನು ಹೇಳುತ್ತೀ ಮಗಾ ಎಂದು ಕೇಳಿದೆ. ಅವಳು ಅದನ್ನು ಕಣ್ಣಿಗಿಟ್ಟು ದಾಸವಾಳ ನೋಡಿದಳು, ಹಸನಬ್ಬರನ್ನು ನೋಡಿದಳು, ಕೊನೆಗೆ ನನ್ನ ಕಡೆ ತಿರುಗಿಸಿದಳು.

"ದುರ್ಬೀನು ಅಂತ ಹೇಳ್ತೇನೆ. ಆದರೆ ಇದರಲ್ಲಿ ಅಜ್ಜ ಒಬ್ಬರೇ ಕಾಣ್ತಾರೆ."

ಸುನಂದಾ ಗೆರಸೆಯಲ್ಲಿ ಉಳಿದ ಅಲಸಂಡೆ ಹೆಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ಒಬ್ಬರೇ ಸಾಕು" ಎಂದಳು.